ಮೂಲಬಿಂದುವನ್ನು ಎಲ್ಲಿಡಬೇಕು?

ಚಿ. ಸಹನಾಳಿಗೆ ಮಾವನ ಆಶೀರ್ವಾದಗಳು.

ನಿರ್ದೇಶಾಂಕ ರೇಖಾಗಣಿತ ತಲೆಗೆ ಹತ್ತುತ್ತಿಲ್ಲ, ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದೀಯೆ ಎಂದು ನಿನ್ನ ಅಮ್ಮ ಹೇಳಿದಳು. ನೀನು ಕಳುಹಿಸಿದ ಗ್ರಾಫ್ ಹಾಳೆಯ ಚಿತ್ರವನ್ನೂ ನೋಡಿದೆ. (−3, 2) ಎಂಬ ಬಿಂದು ಹಾಳೆಯ ನಾಲ್ಕು ಭಾಗಗಳಲ್ಲಿ ಎಡ ಮೇಲಿನದಾದ ಎರಡನೆಯ ಚತುರ್ಥಕದಲ್ಲಿ ಇರಬೇಕಿತ್ತು. ಬಲ ಕೆಳಗಿನ ನಾಲ್ಕನೆಯದರಲ್ಲಿ ಹೋಗಿ ಕೂತಿದೆ. ಮೊದಲ ಸಂಖ್ಯೆ ಎಡ-ಬಲಕ್ಕೆ, ಎರಡನೆಯದು ಮೇಲೆ-ಕೆಳಗೆ. ಇದಕ್ಕೆ ಕಾರಣ ಹುಡುಕಬೇಡ, ಎಲ್ಲರೂ ಒಪ್ಪಿಕೊಂಡ ಕ್ರಮ ಅಷ್ಟೆ. ಭೂಪಟದವರದು ಇದಕ್ಕೆ ತಿರುಗುಮುರುಗು: ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ, 77.6 ಡಿಗ್ರಿ ಪೂರ್ವ ಎಂದು ಮೇಲೆ-ಕೆಳಗಿನ ಅಳತೆಯನ್ನೇ ಮೊದಲು ಹೇಳುತ್ತಾರೆ. ನಿನ್ನ ಮೊಬೈಲ್ ಪರದೆಯಲ್ಲಂತೂ ಸಾಮಾನ್ಯವಾಗಿ ಎಡ ಮೇಲ್ತುದಿಯೇ ಸೊನ್ನೆ, ಕೆಳಗಿಳಿದಂತೆ ಸಂಖ್ಯೆ ಏರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದ ಕ್ರಮ.

ನಾನು ಹೇಳಬೇಕೆಂದಿರುವುದು ಬೇರೆಯೇ ಇದೆ. ಹಾಳೆಯ ನಡುವೆ ಆ ಎರಡು ಅಕ್ಷಗಳು, ಅಂದರೆ ಅಳತೆಯ ಅಡ್ಡಗೆರೆ ಮತ್ತು ಲಂಬಗೆರೆ, ಮೊದಲೇ ಇದ್ದವು, ಬಿಂದುಗಳು ಆಮೇಲೆ ಬಂದವು ಎಂದು ನೀನು ಭಾವಿಸಿರುವಂತಿದೆ. ನನ್ನ ಭೂಮಾಪನದ ಕೆಲಸದಲ್ಲಿ ಹಾಗಿರಲಿಲ್ಲ. ಹೊಲದ ಬದು ಯಾವತ್ತೂ ನೆಟ್ಟಗಿರುವುದಿಲ್ಲ. ಅದರೊಳಗೆ ನೇರವಾಗಿ ಒಂದು ಸರಪಳಿ ಎಳೆಯುತ್ತಿದ್ದೆವು. ಬದು ತಿರುಗುವ ಪ್ರತಿ ಜಾಗದಿಂದ ಸರಪಳಿಗೆ ಲಂಬ ಹಿಡಿದು, 'ಸರಪಳಿಯ ಮೇಲೆ 50 ಅಡಿ, ಎಡಕ್ಕೆ 12 ಅಡಿ' ಎಂದು ಬರೆದುಕೊಳ್ಳುತ್ತಿದ್ದೆವು. ತಿರುವಿಗೆ ಎರಡೇ ಅಂಕಿ; ಇಡೀ ಹೊಲ ಪುಸ್ತಕದೊಳಗೆ ಬರುತ್ತಿತ್ತು. ಸರಪಳಿಯನ್ನು ಎಲ್ಲಿಂದ ಹಿಡಿಯಬೇಕೆಂಬುದು ನಮ್ಮ ಆಯ್ಕೆ. ಬೇರೆ ಮೂಲೆಯಿಂದ ಹಿಡಿದರೆ ಅಂಕಿಗಳೆಲ್ಲ ಬದಲಾಗುತ್ತಿದ್ದವು, ಆದರೆ ಹೊಲ ಒಂದು ಗುಂಟೆಯೂ ಹಿಗ್ಗುತ್ತಿರಲಿಲ್ಲ, ಕುಗ್ಗುತ್ತಿರಲಿಲ್ಲ.

ನಿನ್ನದೇ ಲೆಕ್ಕ ತೆಗೆದುಕೋ: (−3, 2) ಮತ್ತು (1, −1)ರ ನಡುವಿನ ದೂರ. ಸೂತ್ರ ಬದಿಗಿಡು. ಅಕ್ಷಗಳೆರಡೂ ಸೇರುವ ಸೊನ್ನೆಯ ಜಾಗವೇ ಮೂಲಬಿಂದು; ಅದನ್ನು ಎತ್ತಿ ಮೊದಲ ಬಿಂದುವಿನ ಮೇಲೆಯೇ ಇಡು. ಆಗ ಆ ಮೊದಲ ಬಿಂದು (0, 0). ಎರಡನೆಯದು ಅಲ್ಲಿಂದ ಬಲಕ್ಕೆ 4, ಕೆಳಕ್ಕೆ 3, ಅಂದರೆ (4, −3). ಬಲಕ್ಕೆ 2 ಎಂದು ನೀನು ಬರೆದಿದ್ದೀಯೆ. −3ರಿಂದ ಸೊನ್ನೆಗೆ ಮೂರು ಹೆಜ್ಜೆ, ಸೊನ್ನೆಯಿಂದ 1ಕ್ಕೆ ಇನ್ನೊಂದು, ಬೆರಳಿಟ್ಟು ಎಣಿಸು. ಈಗ 4 ಮತ್ತು 3 ಬಾಹುಗಳಿರುವ ಲಂಬಕೋನ ತ್ರಿಭುಜ ಕಾಣುತ್ತದೆ. ಅವುಗಳ ವರ್ಗ 16 ಮತ್ತು 9 ಸೇರಿ 25, ಲಂಬಕೋನದ ಎದುರಿನ ಬಾಹುವಾದ ವಿಕರ್ಣ 5. ನೀನು ಗಟ್ಟಿ ಹೊಡೆಯುತ್ತಿರುವ ದೂರದ ಸೂತ್ರ ಪೈಥಾಗೊರಸ್ ಪ್ರಮೇಯವೇ, ಬೇರೇನೂ ಅಲ್ಲ.

ಸಾಧಿಸಿ ತೋರಿಸುವ ಲೆಕ್ಕಗಳಲ್ಲಿ, ಮೂಲಬಿಂದುವನ್ನು ಬೇಕಾದಲ್ಲಿ ಇಡುವ ಈ ಸ್ವಾತಂತ್ರ್ಯದ ರುಚಿ ಇನ್ನೂ ಹೆಚ್ಚು. ಆಯತದ ಕರ್ಣಗಳು ಒಂದನ್ನೊಂದು ಅರ್ಧಿಸುತ್ತವೆ ಎಂದು ತೋರಿಸಬೇಕೆ? ಒಂದು ಮೂಲೆಯನ್ನು ಮೂಲಬಿಂದುವಿನಲ್ಲಿ, ಎರಡು ಬಾಹುಗಳನ್ನು ಅಕ್ಷಗಳ ಮೇಲೆ ಇಟ್ಟುಬಿಡು. ಮೂಲೆಗಳು (0, 0), (ಅ, 0), (ಅ, ಬ), (0, ಬ). ಎರಡೂ ಕರ್ಣಗಳ ಮಧ್ಯಬಿಂದು (ಅ/2, ಬ/2). ಮುಗಿಯಿತು! ಅದೇ ಆಯತವನ್ನು ಓರೆಯಾಗಿ ಎಲ್ಲೋ ಮೂಲೆಯಲ್ಲಿಟ್ಟರೆ ಉತ್ತರ ಅದೇ ಬರುತ್ತದೆ, ಆದರೆ ಅರ್ಧ ಪುಟ ಹಾಳು.

ಈ ವಿದ್ಯೆಯನ್ನು 1637ರಲ್ಲಿ ಅಚ್ಚು ಹಾಕಿಸಿದ ಫ್ರೆಂಚ್ ಗಣಿತಜ್ಞ ದೆಕಾರ್ತನ ಪುಸ್ತಕದಲ್ಲೂ ನಿಮ್ಮ ಹಾಳೆಯಂಥ ಸಿದ್ಧ ನಾಲ್ಕು ಚತುರ್ಥಕಗಳಿಲ್ಲ. ಆಯಾ ಚಿತ್ರದೊಳಗೆ ಅನುಕೂಲವಾದ ಒಂದು ಗೆರೆ ಹಿಡಿದು ಅಲ್ಲಿಂದ ಅಳೆಯುತ್ತಾನೆ. ಚಾವಣಿಯ ನೊಣ ನೋಡಿ ಅವನಿಗೆ ಇದು ಹೊಳೆಯಿತು ಎಂಬ ಕಥೆಯನ್ನು ನಂಬಲೇಬೇಕೆಂದಿಲ್ಲ.

ಅಭ್ಯಾಸದ ಲೆಕ್ಕದಲ್ಲಿ ಬಿಂದುಗಳನ್ನು ಕೊಟ್ಟೇ ಇದ್ದರೆ ಕೊಟ್ಟ ಅಕ್ಷಗಳಲ್ಲೇ ಗುರುತಿಸು. ಮೂಲಬಿಂದುವನ್ನು ಸರಿಸಿ ನೋಡುವುದು ಪಕ್ಕದ ಕಚ್ಚಾ ಹಾಳೆಯಲ್ಲಿ. ಭಾನುವಾರದೊಳಗೆ ಇನ್ನು ನಾಲ್ಕು ಜೋಡಿ ಬಿಂದುಗಳ ದೂರವನ್ನು ಎರಡೂ ರೀತಿಯಲ್ಲಿ ಕಂಡುಹಿಡಿದು ಚಿತ್ರ ಕಳುಹಿಸು. ಅಕ್ಷಗಳ ಹೆಸರು ಮತ್ತು ಪ್ರಮಾಣ ಬರೆಯುವುದನ್ನು ಈ ಸಲ ಬಿಡಬೇಡ, ಅದಕ್ಕೂ ಅಂಕ ಕತ್ತರಿಸುತ್ತಾರೆ.

ಇಂತಿ,
ನಿನ್ನ ಸೋದರಮಾವ