ಹಳೆ ರೆಕಾರ್ಡ್ ಅಂದರೆ ಹಳೆ ನೆನಪೇ ಆಗಬೇಕಾ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಎಲ್‌ಪಿ ರೆಕಾರ್ಡುಗಳ ಬಗ್ಗೆ ಬಂದ ಬರಹ ಓದಿದೆ. ಹಳೆ ರೆಕಾರ್ಡುಗಳನ್ನು ಮತ್ತೆ ಹೊರತರುವುದು ಬರೀ ನೆನಪಿನ ವ್ಯಾಪಾರ, ವಯಸ್ಸಾದವರು ತಮ್ಮ ಕಾಲೇಜು ದಿನಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ ಅನ್ನುವ ಧಾಟಿಯಲ್ಲಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ತುಮಕೂರಿನ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಈಗ ಓಡುತ್ತಿರುವುದು ಇಟಲಿಯ ಪೆಸಾರೊ ಊರಿನ ಹುಡುಗರು 1977ರಿಂದ 1984ರವರೆಗೆ ಮಾಡಿದ ಹಾಡುಗಳು. ಆಗ ನಾನು ಸ್ಲೇಟು ಹಿಡಿದು ಅಆಇಈ ತಿದ್ದುತ್ತಿದ್ದೆ. ಇದರಲ್ಲಿ ನೆನಪು ಮಾಡಿಕೊಳ್ಳೋಕೆ ನನಗೆ ಏನಿದೆ ಹೇಳಿ?

ಬ್ಯಾಂಡಿನ ಹೆಸರು ಡೆತ್ ಎಸ್‌ಎಸ್. ಗಾಯಕ ಸ್ಟೀವ್ ಸಿಲ್ವೆಸ್ಟರ್, ಗಿಟಾರಿಸ್ಟ್ ಪಾಲ್ ಚೈನ್ ಸೇರಿ ಕಟ್ಟಿದ್ದು. ಒಬ್ಬ ವ್ಯಾಂಪೈರ್, ಇನ್ನೊಬ್ಬ ಸಾಕ್ಷಾತ್ ಸಾವು, ಮತ್ತೊಬ್ಬ ಈಜಿಪ್ಟಿನ ಮಮ್ಮಿ, ಅಂದರೆ ಬಟ್ಟೆ ಸುತ್ತಿದ ಹೆಣ. ಹೀಗೆ ವೇಷ ಕಟ್ಟಿಕೊಂಡೇ ವೇದಿಕೆ ಹತ್ತುತ್ತಿದ್ದರು. ಪೆಸಾರೊ ಅಂದರೆ ಒಪೆರಾ ಅನ್ನುವ ಸಂಗೀತ ನಾಟಕಗಳ ರೊಸ್ಸಿನಿ ಹುಟ್ಟಿದ ಊರು. ಇವತ್ತಿಗೂ ಅವನ ಹೆಸರಲ್ಲಿ ಅಲ್ಲಿ ದೊಡ್ಡ ಉತ್ಸವ ನಡೆಯುತ್ತದೆ. ಅಂಥ ಊರಲ್ಲಿ ಇಂಥವರೂ ಹುಟ್ಟಿದರಲ್ಲ ಅಂತ ನನಗೆ ಖುಷಿ.

ಇವರದ್ದು ಡೂಮ್ ಮೆಟಲ್ ಅನ್ನುವ ಬಗೆಯ ಸಂಗೀತ. ಅದು ಗೊತ್ತಿಲ್ಲದವರಿಗೆ ಒಂದು ಮಾತು. ಇಂಗ್ಲೆಂಡಿನ ಬ್ಲ್ಯಾಕ್ ಸಬತ್ ಬ್ಯಾಂಡು 1970ರ ಮೊದಲ ಎಲ್‌ಪಿಯಲ್ಲಿ ತೋರಿಸಿದ ದಾರಿ ಇದು. ಗಿಟಾರು ಭಾರ, ಲಯ ನಿಧಾನ. ತೇರು ಎಳೆದ ಹಾಗೆ ಹಾಡು ಮುಂದಕ್ಕೆ ಸರಿಯುತ್ತದೆ. (ಸಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಇಟಲಿ ಮೂಲದ ಮನೆಯವನು. ಆ ಬ್ಯಾಂಡಿಗೆ ಹೆಸರು ಸಿಕ್ಕಿದ್ದೂ ಇಟಲಿಯ ಮಾರಿಯೋ ಬಾವಾ ಮಾಡಿದ ಒಂದು ದೆವ್ವದ ಸಿನಿಮಾದಿಂದ. ಹಾಗಾಗಿ ಇಟಲಿಯವರು ಸಾಲ ಮಾಡಿದರು ಅನ್ನುವಂತಿಲ್ಲ ಅಲ್ವಾ!) ಕಾಯಿಲ್ ಸುತ್ತುವ ಕೆಲಸಕ್ಕಂತೂ ಇದಕ್ಕಿಂತ ಒಳ್ಳೆ ಹಾಡು ನಾನು ಕಂಡಿಲ್ಲ. ಪಂಪ್‌ಸೆಟ್ ತಂದಿದ್ದ ರೈತರೊಬ್ಬರು ಮಾತ್ರ ಸ್ಪೀಕರ್ ಕಡೆ ಕೈ ತೋರಿಸಿ, "ಈ ಮೋಟಾರೂ ಸುಟ್ಟೋಗಿದ್ಯಾ ಅಣ್ಣ?" ಅಂದರು.

ವಿಷಯಕ್ಕೆ ಬರುತ್ತೇನೆ. ಆ ಮೊದಲ ತಂಡ ಇದ್ದಷ್ಟು ದಿನ ಅವರದ್ದೇ ಒಂದು ಪೂರ್ತಿ ಎಲ್‌ಪಿ ಬರಲೇ ಇಲ್ಲ. ಸಣ್ಣಪುಟ್ಟ ರೆಕಾರ್ಡು ಬಂದವು, ಅಷ್ಟೇ. ಹಾಡುಗಳನ್ನೆಲ್ಲ ಒಟ್ಟು ಮಾಡಿ ತಂದಿದ್ದು 1987ರಲ್ಲಿ. ಅಷ್ಟರಲ್ಲಿ ಪಾಲ್ ಚೈನ್ ಬ್ಯಾಂಡ್ ಬಿಟ್ಟು ಮೂರು ವರ್ಷ ಆಗಿತ್ತು. ಈ ಹಾಡುಗಳನ್ನು ಅವುಗಳ ಕಾಲದಲ್ಲಿ ಕೇಳಿದವರೇ ಕಡಿಮೆ. ನಮ್ಮಂಥವರಿಗೆ ಇವು ಮೊದಲ ಸಲ ಮುಟ್ಟಿದ್ದೇ ಮರುಮುದ್ರಣದಿಂದ. ಇದು ಹೇಗೆ ನೆನಪಿನ ವ್ಯಾಪಾರ ಆಗುತ್ತದೆ?

ಪಾಲ್ ಚೈನ್ ಆಮೇಲೆ ಒಬ್ಬನೇ ಮಾಡಿದ್ದು ಇನ್ನೂ ವಿಚಿತ್ರ. ಚರ್ಚಿನ ಆರ್ಗನ್ ನೆನಪಿಸುವ ಕೀಬೋರ್ಡು, ಅದರ ಮೇಲೆ ಯಾವ ಭಾಷೆಯೂ ಅಲ್ಲದ ಹಾಡು. ಬಾಯಿಗೆ ಬಂದ ಸದ್ದನ್ನೇ ಮಾತಿನ ಥರ ಹಾಡುತ್ತಾನೆ. ಕಾಲೇಜಿಗೆ ಹೋಗುವ ನನ್ನ ಮಗಳು ಕಿವಿಗೊಟ್ಟು ಕೇಳಿ, "ಅಪ್ಪ, ಇಂಗ್ಲಿಷ್ ಥರಾನೇ ಇದೆ, ಆದ್ರೆ ಇಂಗ್ಲಿಷ್ ಅಲ್ಲ" ಅಂದಳು. ಅವನ 1995ರ 'ಆಲ್ಕಹೆಸ್ಟ್' ಆಲ್ಬಮ್‌ನಲ್ಲಿ ಕೆಲವು ಹಾಡುಗಳನ್ನು ಇಂಗ್ಲೆಂಡಿನ ಕೆಥೀಡ್ರಲ್ ಬ್ಯಾಂಡಿನ ಲೀ ಡೋರಿಯನ್ ಹಾಡಿದ್ದಾನೆ, ಸರಿಯಾದ ಇಂಗ್ಲಿಷಿನಲ್ಲೇ. ನನಗೆ ಪಾಲ್ ಚೈನ್ ಹಾಡಿದ್ದೇ ಜಾಸ್ತಿ ಇಷ್ಟ. ಇಟಲಿಯದ್ದೇ ವೆರೋನಾ ಊರಿನ ಬ್ಲ್ಯಾಕ್ ಹೋಲ್ ಬ್ಯಾಂಡಿನ 1985ರ 'ಲ್ಯಾಂಡ್ ಆಫ್ ಮಿಸ್ಟರಿ' ಕೂಡ ನನಗೆ ಸಿಕ್ಕಿದ್ದು ಹೀಗೆ ಮತ್ತೆ ಬಂದಾಗಲೇ.

ನಿಮ್ಮ ಬರಹಗಾರರು ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ಮತ್ತೆ ತರುವವರು ನಿಜ ಹೇಳುತ್ತಾರಾ ಅಂತ. ಯಾಕುಲಾ ಅನ್ನುವ ಇಟಲಿ ಗುಂಪಿನ ಒಂದು ರೆಕಾರ್ಡನ್ನು 2001ರಲ್ಲಿ ಜಿನೋವಾದ ಬ್ಲ್ಯಾಕ್ ವಿಡೋ ಕಂಪನಿ ಹೊರತಂದಿತು. 1969ರದ್ದು ಅಂತ ಹೆಸರು. ಆದರೆ ಗಿಟಾರಿನ ಸದ್ದು ಕೇಳಿದ ಅನೇಕರು, ಅಷ್ಟು ಹಳೆಯದಾ ಅಂತ ಇವತ್ತಿಗೂ ಅನುಮಾನ ಪಡುತ್ತಾರೆ. ನಿಜಕ್ಕೂ ಆ ವರ್ಷದ್ದೇ ಆದರೆ ಸಬತ್‌ಗಿಂತ ಮೊದಲಿನದು ಅಂತಾಯ್ತು. ಸಣ್ಣ ವಿಷಯವಾ ಇದು?

ನಾನು ತರಿಸಿದ ಇನ್ನೊಂದು ಸಿಡಿಯ ಕಥೆ ಕೇಳಿ. ಕಂಪನಿ ಹೆಸರು ಬೇಡ. ಒಳಗಿದ್ದದ್ದು ಮಡಚಿದ ಒಂದೇ ಹಾಳೆ. ಯಾವ ವರ್ಷ, ಯಾವ ಸ್ಟುಡಿಯೋ, ಡ್ರಮ್ ಯಾರದ್ದು, ಏನೂ ಇಲ್ಲ. ಮೂಲ ಟೇಪಿನಿಂದ ತೆಗೆದದ್ದಾ, ಸವೆದ ರೆಕಾರ್ಡಿನಿಂದ ಇಳಿಸಿದ್ದಾ ಅನ್ನೋದೂ ಇಲ್ಲ. ವಾಲ್ಯೂಮ್ ಎಷ್ಟು ಏರಿಸಿದ್ದಾರೆ ಅಂದರೆ ಡ್ರಮ್ಮಿನ ಪೆಟ್ಟೆಲ್ಲ ಚಪ್ಪಟೆ. ಮೆಲ್ಲಗೆ ಶುರುವಾಗಬೇಕಾದ ಹಾಡು ಮೊದಲ ಸೆಕೆಂಡಿಗೇ ಕಿರುಚುತ್ತದೆ. ಡೂಮ್‌ನಲ್ಲಿ ಮೆಲ್ಲಗಿನದು ಹೋದರೆ ಭಾರವೂ ಹೋಯಿತು.

ಪುರವಣಿಯಲ್ಲಿ ಮುಂದೆ ಮರುಮುದ್ರಣಗಳ ಬಗ್ಗೆ ಬರೆಸುವಾಗ ಬೆಲೆ, ಬಣ್ಣದ ವಿನೈಲ್ ಜೊತೆಗೆ ಟೇಪ್ ಎಲ್ಲಿಂದ ಬಂತು, ಯಾವ ವರ್ಷದ್ದು ಅನ್ನುವುದಕ್ಕೂ ಎರಡು ಸಾಲು ಜಾಗ ಕೊಡಿ. ಬೀಟಲ್ಸ್ ಬಗ್ಗೆ ಒಂದು ಪುಟ ಕಮ್ಮಿಯಾದರೂ ಪರವಾಗಿಲ್ಲ.

ನಿಮ್ಮ ಓದುಗ,
ತುಮಕೂರು