ತಾಡಪತ್ರಿಗೆ ಮೋಟಾರು ಕಟ್ಟಿದ ಗೆಳೆಯನಿಗೆ

ಮಾರಾಯಾ,

ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಸೆನ್ಸರಿನ ಮೇಲೆ ಚೊಂಬಿನಿಂದ ನೀರು ಚಿಮುಕಿಸುತ್ತೀಯ, ಮೋಟಾರು ಗುರ್ ಅನ್ನುತ್ತದೆ, ತಾಡಪತ್ರಿ ಬಂದು ಅಡಿಕೆ ಮುಚ್ಚುತ್ತದೆ. ಹಿಂದೆ ಆಯಿ ನಗುವುದೂ ಕೇಳುತ್ತದೆ. ನೋಡಲು ಚಂದ. ಮಳೆ ಬಿದ್ದರೆ ತಾನೇ ಮುಚ್ಚುವ ಈ ಯಂತ್ರ ಮಾಡಿ ಮಾರಲು ಎರಡು ಲಕ್ಷ ಸುರಿಯಬಹುದಾ ಅಂತ ಕೇಳಿದ್ದೀಯಲ್ಲ, ಅಲ್ಲಿ ನನಗೆ ಅನುಮಾನ.

ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಲು ಹತ್ತಿರ ಹತ್ತಿರ 45 ದಿನ ಬೇಕು. ಅದರಲ್ಲಿ ಮಳೆ ಬರುವುದು ಎಷ್ಟು ದಿನ? ಅಪ್ಪಯ್ಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಾನೆ. ಹೋದ ವರ್ಷ 4 ದಿನ, ಅದರ ಹಿಂದಿನ ವರ್ಷ ಒಂದೇ ದಿನ. ಆ ಒಂದು ದಿನ ತಪ್ಪಿದರೂ ಬೂಸ್ಟು ಹಿಡಿದು ದರ ಬೀಳುತ್ತದೆ, ಒಪ್ಪಿದೆ. ಆದರೆ ಮನೆಯಲ್ಲಿ ಜನ ಇದ್ದವರು ಓಡಿ ಬಂದು ಮುಚ್ಚುತ್ತಾರೆ. ದುಡ್ಡಿದ್ದವರು ಪ್ಲಾಸ್ಟಿಕ್ ಮಾಡಿನ ಪಾಲಿಹೌಸ್ ಹಾಕಿಕೊಂಡಿದ್ದಾರೆ, ಅದರೊಳಗೆ ಮಳೆಯ ಚಿಂತೆಯೂ ಇಲ್ಲ, ಒಣಗುವುದೂ ಬೇಗ. ಉಳಿದವರು ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಮೊಣಕಾಲು ನೋವಿನಲ್ಲಿ ಕೂತ ಇಬ್ಬಿಬ್ಬರು. ನಿನ್ನ ಗಿರಾಕಿ ಅವರೇ. ಶಿರಸಿ ಸುತ್ತ ಅಂಥ ಮನೆಗೇನೂ ಬರಗಾಲವಿಲ್ಲ. ಒಂದು ಹತ್ತು ಮನೆಗೆ ಹೋಗಿ ಬಾ. "ಮಾಡು ತಮ್ಮಾ, ಒಳ್ಳೇದು" ಅಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಕವಳ ಹಾಕುತ್ತಾ ಕೂತವರು ಯಾರೂ ಬೇಡ ಅನ್ನುವುದಿಲ್ಲ. ಐದು ಸಾವಿರ ಮುಂಗಡ ಕೇಳಿ ನೋಡು.

ಇನ್ನೆರಡು ತಂಟೆ ಇವೆ. ನಿನ್ನ ಸೆನ್ಸರಿಗೆ ಮಳೆಯೂ ನೀರೇ, ಇಬ್ಬನಿಯೂ ನೀರೇ. ಧನುರ್ಮಾಸದ ಬೆಳಗಿನ ಜಾವ ದಿನಾ ಮುಚ್ಚಿಕೊಳ್ಳುತ್ತದೆ. ಬಿಸಿಲೇರಿದ ಮೇಲೂ ತೆಗೆಯದಿದ್ದರೆ ಅಡಿಕೆ ಒಳಗೇ ಬೆವರುತ್ತದೆ. ಮತ್ತೆ ನಮ್ಮಲ್ಲಿ ಮಳೆಗಿಂತ ಮೊದಲು ಕರೆಂಟು ಹೋಗುತ್ತದೆ, ಅಲ್ವಾ? ಬ್ಯಾಟರಿ ಇಟ್ಟರೆ ರೇಟು ಏರಿತು.

ನನ್ನ ಕಾಳುಮೆಣಸು ಬಿಡಿಸುವ ಡ್ರಮ್ಮು ನೆನಪಿದೆಯಲ್ಲ? ಲೇಥಿನವನಿಗೆ 38,000 ಕೊಟ್ಟ ಮೇಲೆ ಕೃಷಿಮೇಳದಲ್ಲಿ ಅಂಥದ್ದೇ ಯಂತ್ರ ಕಂಡೆ, ನನ್ನದಕ್ಕಿಂತ ಗಟ್ಟಿ. ಈಗ ಅದರಲ್ಲಿ ತೆಂಗಿನಸಿಪ್ಪೆ ತುಂಬಿಡುತ್ತೇವೆ. ಅದಕ್ಕೇ ಮೊದಲು ಹುಡುಕು ಅನ್ನುವುದು. ಪೇಟೆಂಟ್ ಕಚೇರಿಯ ಹುಡುಕುತಾಣ ಇನ್‌ಪಾಸ್‌ನಲ್ಲಿ ಪುಕ್ಕಟೆ ಹುಡುಕಬಹುದು.

ತಾಡಪತ್ರಿ ಎಳೆಯುವಾಗ ಅಡಿಕೆಯೂ ಜೊತೆಗೆ ಉರುಳದಂತೆ ಏನೋ ಮಾಡಿದ್ದೀಯಲ್ಲ, ನನಗೆ ಹೊಸತು ಅನ್ನಿಸಿದ್ದು ಅದೊಂದೇ. ನಾಲ್ಕು ಜನ ಓದುವ ಪತ್ರ ಇದು, ಹೇಗೆ ಅಂತ ಬರೆಯುವುದಿಲ್ಲ. ನೀನೂ ಆ ವಿಡಿಯೋ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡ. ಅರ್ಜಿಗೆ ಮುಂಚೆ ಊರಿಗೆಲ್ಲ ತೋರಿಸಿದರೆ ಆಮೇಲೆ ಪೇಟೆಂಟ್ ಸಿಗುವುದು ಕಷ್ಟ. ನಿನ್ನ ಹೆಸರಲ್ಲೇ ಆನ್‌ಲೈನಿನಲ್ಲಿ ತಾತ್ಕಾಲಿಕ ಅರ್ಜಿ ಹಾಕಿದರೆ ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಕೊಡಲು 12 ತಿಂಗಳು ಸಮಯ. ಪರೀಕ್ಷೆಗೆ ಇಡೀ ಒಂದು ಸುಗ್ಗಿ ಸಿಕ್ಕಿತು.

ಈ ಸುಗ್ಗಿಗೆ ಮೋಟಾರು ಬಿಚ್ಚಿಡು. ಕೈಯಲ್ಲಿ ತಿರುಗಿಸುವ ಹಿಡಿಕೆ ಹಾಕು. ಆಯಿಯೊಬ್ಬಳೇ ಅಂಗಳ ಮುಚ್ಚಿದಳೋ, ಮೋಟಾರೇ ಬೇಡ. ನಿನಗೆ ಬೇಜಾರಾಗಬಹುದು, ಅಷ್ಟು ಸೋಲ್ಡರಿಂಗ್ ಮಾಡಿದ್ದೀಯ.

ದೊಡ್ಡಹಬ್ಬಕ್ಕೆ, ಅದೇ ದೀಪಾವಳಿಗೆ, ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ. ಹಿಡಿಕೆ ಹಾಕಿರು, ಗಡಿಯಾರ ನಾನು ಹಿಡಿಯುತ್ತೇನೆ.