ಘಟನೆಯ ಹಿಂದಿನ ಸಮಾಜವೂ ವರದಿಯಾಗಲಿ

ಮಾನ್ಯ ಸಂಪಾದಕರೇ,

ಆತ್ಮಹತ್ಯೆ, ನಿರುದ್ಯೋಗ, ಮಾದಕ ವ್ಯಸನ, ಕೌಟುಂಬಿಕ ದೌರ್ಜನ್ಯಗಳ ಸುದ್ದಿ ಪತ್ರಿಕೆಗಳಲ್ಲಿ ನಿತ್ಯವೂ ಬರುತ್ತಿದ್ದರೂ, ಬಹುಪಾಲು ವರದಿಗಳು ಒಬ್ಬರ ದೌರ್ಬಲ್ಯದಲ್ಲೋ ಒಂದು ಮನೆಯ ಜಗಳದಲ್ಲೋ ಕಾರಣ ಕಂಡುಕೊಂಡು ಅಲ್ಲಿಗೇ ನಿಲ್ಲುತ್ತವೆ. ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಬರೆದರೆ ಒಂದು ಸಾವಿನ ವಿವರಣೆ ಮುಗಿಯಿತು. ಆ ಜಿಗುಪ್ಸೆ ಯಾವ ವಯಸ್ಸಿನವರಲ್ಲಿ, ಯಾವ ಕಸುಬಿನವರಲ್ಲಿ, ಎಂಥ ಕಾಲದಲ್ಲಿ ಹೆಚ್ಚುತ್ತದೆ ಎಂದು ಕೇಳುವವರು ವಿರಳ. ಸಮಾಜಶಾಸ್ತ್ರ ಬೋಧಿಸುವ ನನಗೆ ಈ ಕೊರತೆ ಬಹಳ ನೋವುಂಟುಮಾಡುತ್ತದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನ ಎತ್ತಿಕೊಂಡದ್ದು ಇದೇ ಪ್ರಶ್ನೆಯನ್ನು. ಯುರೋಪಿನ ದೇಶಗಳ ಅಂಕಿಅಂಶಗಳನ್ನು ಹೋಲಿಸಿದಾಗ, ಸಾಯುವವರು ಪ್ರತಿ ವರ್ಷವೂ ಬೇರೆಯವರೇ ಆಗಿದ್ದರೂ ಆಯಾ ಸಮಾಜದ ಆತ್ಮಹತ್ಯೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುವುದು ಅವರಿಗೆ ಕಂಡಿತು. ಅದು ವಿವಾಹಿತರಿಗಿಂತ ಅವಿವಾಹಿತರಲ್ಲಿ, ಕ್ಯಾಥೊಲಿಕರಿಗಿಂತ ಪ್ರೊಟೆಸ್ಟೆಂಟರಲ್ಲಿ ಹೆಚ್ಚಿತ್ತು. ಆರ್ಥಿಕ ಕುಸಿತದಲ್ಲಷ್ಟೇ ಅಲ್ಲದೆ ದಿಢೀರನೆ ಸಮೃದ್ಧಿ ಬಂದಾಗಲೂ ಏರುತ್ತಿತ್ತು. ಬಡತನವೊಂದೇ ಕಾರಣವಾಗಿದ್ದರೆ ಸಮೃದ್ಧಿಯಲ್ಲಿ ಇಳಿಯಬೇಕಿತ್ತಲ್ಲವೇ? ಜನರನ್ನು ಬೆಸೆದ ನಂಟು ಸಡಿಲಗೊಂಡಾಗ ಮತ್ತು ಬಯಕೆಗಳಿಗೆ ಮಿತಿ ಹಾಕುತ್ತಿದ್ದ ಕಟ್ಟುಪಾಡುಗಳು ಏರುಪೇರಾದಾಗ ಆತ್ಮಹತ್ಯೆಯ ಪ್ರಮಾಣ ಹೆಚ್ಚುತ್ತದೆ ಎಂಬುದು ಅವರ ವಾದದ ತಿರುಳು. ಸಾವನ್ನು ಆತ್ಮಹತ್ಯೆಯೆಂದು ದಾಖಲಿಸುವುದು ಅಧಿಕಾರಿಗಳ ತೀರ್ಮಾನ, ಅಪಮಾನಕ್ಕೆ ಅಂಜಿ ಮನೆಯವರು ಮುಚ್ಚಿಡುವುದೂ ಉಂಟು ಎಂಬ ಆಕ್ಷೇಪಗಳು ಮುಂದೆ ಬಂದವು. ಅವು ನ್ಯಾಯವಾದ ಆಕ್ಷೇಪಗಳೇ. ಅಂಕಿಗಳು ಹೇಗೆ ತಯಾರಾದವು ಎಂದು ವಿಚಾರಿಸುವುದೂ ಅಧ್ಯಯನದ ಭಾಗವೇ ಆಗಬೇಕು.

ನಿರುದ್ಯೋಗದ ವಿಷಯದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಕೊಟ್ಟ ನಿದರ್ಶನ ಇಂದಿಗೂ ಸಲ್ಲುತ್ತದೆ. ಒಂದು ಲಕ್ಷ ಜನರ ನಗರದಲ್ಲಿ ಒಬ್ಬನಿಗೆ ಮಾತ್ರ ಕೆಲಸವಿಲ್ಲದಿದ್ದರೆ ಅವನ ಸ್ವಭಾವವನ್ನೂ ಕೌಶಲವನ್ನೂ ಪರೀಕ್ಷಿಸಬಹುದು. ಐದು ಕೋಟಿ ದುಡಿಯುವವರಿರುವ ದೇಶದಲ್ಲಿ ಒಂದೂವರೆ ಕೋಟಿ ಜನ ಕೆಲಸವಿಲ್ಲದೆ ಕುಳಿತಿದ್ದರೆ ಪರೀಕ್ಷಿಸಬೇಕಾದದ್ದು ಅವಕಾಶಗಳ ರಚನೆಯನ್ನೇ. ಆದರೂ ಅರ್ಜಿ ಹಾಕಿ ಹಾಕಿ ಸೋತ ತರುಣನಿಗೆ ನಾವು ಇಂದಿಗೂ ಹೇಳುವುದು ‘ಇನ್ನಷ್ಟು ಪ್ರಯತ್ನಪಡು’ ಎಂದೇ. ಅವನೂ ತಪ್ಪು ತನ್ನದೇ ಎಂದು ನಂಬಿ ಜನರಿಂದ ಮುಖ ಮರೆಸಿಕೊಳ್ಳುತ್ತಾನೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಹೀಗೆ ನೋಡುವುದೆಂದರೆ ಅಪರಾಧಿಯನ್ನು ಹೊಣೆಯಿಂದ ಬಿಡಿಸುವುದಲ್ಲ. ಹೆಂಡತಿಯನ್ನು ಹೊಡೆದವನಿಗೆ ಶಿಕ್ಷೆಯಾಗಲೇಬೇಕು. ಅದರ ಜೊತೆಗೆ, ಆ ಹೊಡೆತವನ್ನು ‘ಮನೆಯ ವಿಷಯ’ವೆಂದು ಸುಮ್ಮನಾದ ನೆರೆಹೊರೆ, ದೂರು ಕೊಟ್ಟರೆ ಎಲ್ಲಿಗೆ ಹೋಗಿ ಬದುಕಲಿ ಎಂಬ ಆಕೆಯ ಆರ್ಥಿಕ ಅವಲಂಬನೆ ಇವೂ ವಿಚಾರಣೆಗೆ ಒಳಪಡಬೇಕು.

ಆದ್ದರಿಂದ ಇಂತಹ ಘಟನೆಗಳನ್ನು ವರದಿ ಮಾಡುವಾಗ ಕೆಲವು ವರ್ಷಗಳ ಪ್ರಮಾಣವನ್ನು ವಯಸ್ಸು, ಲಿಂಗ, ಉದ್ಯೋಗವಾರು ವಿವರಗಳೊಂದಿಗೆ ಪಕ್ಕದಲ್ಲೇ ಕೊಡಬೇಕೆಂದೂ, ಪೊಲೀಸರು ಮತ್ತು ಮನೋವೈದ್ಯರ ಹೇಳಿಕೆಯ ಜೊತೆಗೆ ಕ್ಷೇತ್ರಕಾರ್ಯ ನಡೆಸಿದ ಸಮಾಜಶಾಸ್ತ್ರಜ್ಞರ ಅಭಿಪ್ರಾಯವನ್ನೂ ಪಡೆಯಬೇಕೆಂದೂ ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ,
ಸಮಾಜಶಾಸ್ತ್ರದ ಒಬ್ಬ ಅಧ್ಯಾಪಕ